ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಧರ್ಮಭಗಿನಿ ಮೇರಿ ಕೆನೆತ್ ಕೆಲ್ಲರ್

ಕಂಪ್ಯೂಟರ್ ಇಂದು ನಮ್ಮ ಧರ್ಮಕೇಂದ್ರದ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಸಾಮಾನ್ಯ ವಸ್ತುವಾಗಿದೆ. ಜ್ಞಾನಸ್ನಾನದ ದಾಖಲೆಯಿಂದ ಹಿಡಿದು ಹಬ್ಬದ ಆಮಂತ್ರಣದವರೆಗೆ ಎಲ್ಲವೂ ಅದರಲ್ಲೇ ಸಿದ್ಧವಾಗುತ್ತದೆ. ಆದರೆ ಈ ವಿಷಯವು ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಅದರಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರ ಸಾಲಿನಲ್ಲಿ ಒಬ್ಬ ಕಥೋಲಿಕ ಧರ್ಮಭಗಿನಿ ಇದ್ದರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರೇ ಅಮೆರಿಕದ ಭಗಿನಿ ಮೇರಿ ಕೆನೆತ್ ಕೆಲ್ಲರ್. ಅವರ ಜೀವನವನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಧಾರ್ಮಿಕ ಜೀವನ

ಅವರ ಹುಟ್ಟುಹೆಸರು ಎವೆಲಿನ್ ಮೇರಿ ಕೆಲ್ಲರ್. 1913ರ ಡಿಸೆಂಬರ್ 17ರಂದು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನಿಸಿದರು. 1932ರಲ್ಲಿ, ಹದಿನೆಂಟರ ಹರೆಯದಲ್ಲಿ, ಅಯೋವಾ ರಾಜ್ಯದ ಡುಬ್ಯೂಕ್ ಪಟ್ಟಣದಲ್ಲಿ ಮಾತೃಮನೆ ಹೊಂದಿದ್ದ ಸಿಸ್ಟರ್ಸ್ ಆಫ್ ಚ್ಯಾರಿಟಿ ಆಫ್ ದ ಬ್ಲೆಸ್ಡ್ ವರ್ಜಿನ್ ಮೇರಿ ಎಂಬ ಧಾರ್ಮಿಕ ಸಭೆಯನ್ನು ಸೇರಿದರು. ಐರ್ಲೆಂಡಿನ ಡಬ್ಲಿನ್‌ನಿಂದ ಬಂದ ಮೇರಿ ಫ್ರಾನ್ಸಿಸ್ ಕ್ಲಾರ್ಕ್ ಮತ್ತು ಅವರ ಸಂಗಾತಿಗಳು 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭಿಸಿದ ಈ ಸಭೆಗೆ ಶಿಕ್ಷಣವೇ ಮುಖ್ಯ ಸೇವೆಯಾಗಿತ್ತು. 1843ರಲ್ಲಿ ಸಭೆಯವರು ಮಿಸಿಸಿಪ್ಪಿ ನದಿಯ ದಡದ ಡುಬ್ಯೂಕ್‌ಗೆ ಬಂದು ನೆಲೆಸಿದರು. ಅಲ್ಲಿ ಅವರು ಕಟ್ಟಿದ ಹೆಣ್ಣುಮಕ್ಕಳ ಶಾಲೆಯೇ ಮುಂದೆ ಕ್ಲಾರ್ಕ್ ಕಾಲೇಜಾಗಿ ಬೆಳೆಯಿತು.

1940ರಲ್ಲಿ ವ್ರತ ಸ್ವೀಕರಿಸಿದ ಭಗಿನಿ ಮೇರಿ ಕೆನೆತ್ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಿಂದ 1943ರಲ್ಲಿ ಗಣಿತದಲ್ಲಿ ಪದವಿ ಪಡೆದರು. 1950ರ ದಶಕದ ಆರಂಭದಲ್ಲಿ ಅಲ್ಲಿಯೇ ಗಣಿತ ಮತ್ತು ಭೌತಶಾಸ್ತ್ರ ಓದಿ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು.

ಆ ಕಾಲದ ಒಂದು ಹಿನ್ನೆಲೆಯನ್ನು ನಾವಿಲ್ಲಿ ನೆನೆಯಬೇಕು. ಅಮೆರಿಕದ ಕಥೋಲಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಏರುತ್ತಲೇ ಇತ್ತು. ತರಬೇತಿ ಮುಗಿಯುವ ಮೊದಲೇ ಎಳೆಯ ಭಗಿನಿಯರನ್ನು ತರಗತಿಗೆ ಕಳುಹಿಸಲಾಗುತ್ತಿತ್ತು. ಅವರು ರಜೆಗಳಲ್ಲಿ ಸ್ವಲ್ಪಸ್ವಲ್ಪವೇ ಓದಿ ಪದವಿ ಮುಗಿಸುವಾಗ ಎಷ್ಟೋ ವರ್ಷಗಳು ಉರುಳುತ್ತಿದ್ದವು. ಈ ಪರಿಸ್ಥಿತಿಯನ್ನು ಸರಿಪಡಿಸಲು 1954ರಲ್ಲಿ ಸಿಸ್ಟರ್ ಫಾರ್ಮೇಶನ್ ಕಾನ್ಫರೆನ್ಸ್ ಎಂಬ ವೇದಿಕೆ ಹುಟ್ಟಿಕೊಂಡಿತು. ಭಗಿನಿಯರಿಗೆ ಪೂರ್ಣ ಶಿಕ್ಷಣ ಕೊಡಿಸಿ ಬಳಿಕ ಸೇವೆಗೆ ಕಳುಹಿಸಬೇಕೆಂಬ ವಿಚಾರ ಆಗ ಬಲ ಪಡೆಯಿತು. ನಲವತ್ತು ದಾಟಿದ ಗಣಿತದ ಶಿಕ್ಷಕಿಯೊಬ್ಬರು ಇನ್ನೂ ಹೆಸರೇ ಗಟ್ಟಿಯಾಗದ ವಿಷಯವೊಂದನ್ನು ಕಲಿಯಲು ಹೊರಟದ್ದು ಇಂತಹ ವಾತಾವರಣದಲ್ಲಿ.

ಅಂದಿನ ಕಂಪ್ಯೂಟರ್

ಅಯೋವಾ ರಾಜ್ಯಕ್ಕೆ ಕಂಪ್ಯೂಟರ್ ತೀರಾ ಹೊಸದೇನೂ ಆಗಿರಲಿಲ್ಲ. 1939ರಿಂದ 1942ರ ನಡುವೆ ಏಮ್ಸ್ ಪಟ್ಟಣದ ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಜಾನ್ ಅಟನಸಾಫ್ ಮತ್ತು ಅವರ ವಿದ್ಯಾರ್ಥಿ ಕ್ಲಿಫರ್ಡ್ ಬೆರ್ರಿ ವಿದ್ಯುನ್ಮಾನ ಗಣಕಯಂತ್ರವೊಂದನ್ನು ಕಟ್ಟಿದ್ದರು. 1946ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎನಿಯಾಕ್ ಯಂತ್ರ ಲೋಕದ ಮುಂದೆ ಬಂತು. ಅದರಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಲೆಕ್ಕದ ಕ್ರಮವನ್ನು ಜೋಡಿಸಿಕೊಟ್ಟವರು ಆರು ಮಂದಿ ಯುವತಿಯರು. ಆದರೆ ಬಹುಕಾಲ ಅವರ ಹೆಸರನ್ನು ಯಾರೂ ಎತ್ತಲಿಲ್ಲ.

1950ರ ದಶಕದಲ್ಲಿ ಒಂದೊಂದೇ ವಿಶ್ವವಿದ್ಯಾಲಯ ಕಂಪ್ಯೂಟರ್ ಪಡೆಯತೊಡಗಿತು. ಅದನ್ನು ಬಳಸುವುದು ಸುಲಭದ ಮಾತಾಗಿರಲಿಲ್ಲ. ಪ್ರೋಗ್ರಾಮಿನ ಪ್ರತಿಯೊಂದು ಸಾಲನ್ನೂ ರಟ್ಟಿನ ಕಾರ್ಡಿನ ಮೇಲೆ ತೂತು ಕೊರೆದು ದಾಖಲಿಸಬೇಕು. ಕಾರ್ಡುಗಳ ಕಟ್ಟನ್ನು ಯಂತ್ರದ ಕೋಣೆಯ ಸಿಬ್ಬಂದಿಗೆ ಒಪ್ಪಿಸಬೇಕು. ಸರದಿ ಬಂದು ಉತ್ತರ ಕೈಗೆ ಸಿಗುವಾಗ ಕೆಲವೊಮ್ಮೆ ಮರುದಿನವೇ ಆಗುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಶುರು. ಇಂತಹ ಯಂತ್ರವನ್ನು ಗಣಿತ, ವಿಜ್ಞಾನ ಬಲ್ಲ ಕೆಲವೇ ಕೆಲವರು ಮುಟ್ಟಬಹುದಿತ್ತು. ಕಂಪ್ಯೂಟರ್ ವಿಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗ ಅಮೆರಿಕದಲ್ಲಿ ಮೊದಲು ತೆರೆದದ್ದು 1962ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ.

ಪುರುಷರ ಕಾಲೇಜಿನಲ್ಲಿ ಒಬ್ಬ ಭಗಿನಿ

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ಸರಕಾರ ವಿಜ್ಞಾನ ಶಿಕ್ಷಣಕ್ಕೆ ಧಾರಾಳವಾಗಿ ಹಣ ಒದಗಿಸಿತು. ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ನೆರವಿನಿಂದ ಶಿಕ್ಷಕರಿಗಾಗಿ ತರಬೇತಿ ಶಿಬಿರಗಳು ನಡೆದವು. ಹೀಗೆ ಭಗಿನಿ ಮೇರಿ ಕೆನೆತ್ ಡಾರ್ಟ್‌ಮತ್ ಕಾಲೇಜಿನ ಕಂಪ್ಯೂಟರ್ ಕೇಂದ್ರಕ್ಕೂ ಹೋದರು. ಡಾರ್ಟ್‌ಮತ್ ಆಗ ಪುರುಷರಿಗಷ್ಟೇ ಮೀಸಲಾದ ಕಾಲೇಜು. ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ತರಗತಿಗಳ ಬಾಗಿಲು ತೆರೆದದ್ದು 1972ರಲ್ಲಿ. ಅಂತಹ ಕಡೆ ಕಂಪ್ಯೂಟರ್ ಕೇಂದ್ರವು ನಿಯಮ ಸಡಿಲಿಸಿ ಒಬ್ಬ ಧರ್ಮಭಗಿನಿಗೆ ಕೆಲಸ ಮಾಡಲು ಅವಕಾಶ ಕೊಟ್ಟಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಬೇಸಿಕ್ ಎಂಬ ಸುಲಭವಾದ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರಲ್ಲಿ ಇವರೂ ಒಬ್ಬರೆಂದು ಹಲವು ಬರಹಗಳು ಹೇಳುತ್ತವೆ. ಆದರೆ ಬೇಸಿಕ್‌ನ ಕರ್ತೃಗಳು ಡಾರ್ಟ್‌ಮತ್‌ನ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್. ಅವರ ವಿದ್ಯಾರ್ಥಿಗಳೂ ಅದಕ್ಕಾಗಿ ದುಡಿದರು. ಆ ಭಾಷೆಯಲ್ಲಿ ಮೊದಲ ಪ್ರೋಗ್ರಾಂ ಓಡಿದ್ದು 1964ರ ಮೇ 1ರ ಬೆಳಗಿನ ಜಾವ. ಭಗಿನಿಯವರು ಅದಕ್ಕೆ ಮುಂಚೆಯೇ ಡಾರ್ಟ್‌ಮತ್‌ನಲ್ಲಿ ತರಬೇತಿ ಪಡೆದಿದ್ದರು. 1964ರಲ್ಲಿ ತಮ್ಮದೇ ಸಂಶೋಧನೆಯಲ್ಲಿ ತೊಡಗಿದ್ದರು. ನಮ್ಮವರೆಂಬ ಅಭಿಮಾನದಿಂದ ಇಲ್ಲದ ಕೀರ್ತಿಯನ್ನು ಸೇರಿಸಬೇಕಾದ ಅಗತ್ಯವಿಲ್ಲ. ಇರುವ ಸಾಧನೆಯೇ ಸಾಕಷ್ಟು ದೊಡ್ಡದು.

1965ರ ಜೂನ್ 7

ಭಗಿನಿಯವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರದಲ್ಲಿ ಡಾಕ್ಟರೇಟ್‌ಗಾಗಿ ಸಂಶೋಧನೆ ನಡೆಸಿದರು. ಅವರ ಪ್ರಬಂಧದ ವಿಷಯ, ಕಂಪ್ಯೂಟರ್ ಉತ್ಪಾದಿಸಿದ ಮಾದರಿಗಳಿಂದ ಅನುಗಮನದ ಮೂಲಕ ನಿಯಮ ಕಂಡುಹಿಡಿಯುವುದು.

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಮಾತು ಕಲಿಯುವ ಮಗುವಿಗೆ ವ್ಯಾಕರಣವನ್ನು ಯಾರೂ ಪಾಠ ಮಾಡುವುದಿಲ್ಲ. ಮರ, ಮರಗಳು, ಮನೆ, ಮನೆಗಳು ಎಂದು ಕೇಳುತ್ತಾ ಕೇಳುತ್ತಾ ಅದು ತಾನೇ ನಿಯಮ ಕಟ್ಟಿಕೊಳ್ಳುತ್ತದೆ. ಹಾಗೆಯೇ ಒಮ್ಮೆ ಹುಡುಗಗಳು ಎಂದು ತಪ್ಪಾಗಿ ಹೇಳಿ, ಬಳಿಕ ಹುಡುಗರು ಎಂದು ತಿದ್ದಿಕೊಳ್ಳುತ್ತದೆ. ಬಿಡಿಬಿಡಿಯಾದ ಉದಾಹರಣೆಗಳಿಂದ ಸಾಮಾನ್ಯ ನಿಯಮಕ್ಕೆ ಏರುವ ಈ ಸಾಮರ್ಥ್ಯವನ್ನು ಯಂತ್ರಕ್ಕೂ ಕಲಿಸಲು ಸಾಧ್ಯವೇ? ಇದೇ ಭಗಿನಿಯವರ ಪ್ರಶ್ನೆ. ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಬೀಜಗಣಿತದ ಸೂತ್ರಗಳ ಮೇಲೆ ಅವರು ಇದನ್ನು ಪರೀಕ್ಷಿಸಿದರು. ಇಂದು ಎಲ್ಲೆಡೆ ಕೇಳಿಬರುವ ಕೃತಕ ಬುದ್ಧಿಮತ್ತೆಯೂ ಉದಾಹರಣೆಗಳಿಂದಲೇ ಕಲಿಯುತ್ತದೆ. ವಿಧಾನ ಬೇರೆಯಾದರೂ ಮೂಲ ಪ್ರಶ್ನೆ ಅದೇ.

1965ರ ಜೂನ್ 7ರಂದು ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಆಗ ಅವರ ವಯಸ್ಸು 51. ಅದೇ ದಿನ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಟ್ಯಾಂಗ್ ಎಂಬವರೂ ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಆದ್ದರಿಂದ ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲ ಡಾಕ್ಟರೇಟ್ ಪಡೆದವರು ಈ ಇಬ್ಬರು ಎಂದು ಪರಿಗಣಿಸಲಾಗುತ್ತದೆ. ಅಲ್ಲಿ ಈ ಪದವಿ ಗಳಿಸಿದ ಮೊದಲ ಮಹಿಳೆ ಭಗಿನಿ ಮೇರಿ ಕೆನೆತ್. ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮುಕ್ತಾಯಗೊಂಡದ್ದೂ ಅದೇ ವರ್ಷ, ಡಿಸೆಂಬರ್ 8ರಂದು.

ಕ್ಲಾರ್ಕ್ ಕಾಲೇಜಿನ ಸೇವೆ

ಇಂತಹ ಪದವಿಯುಳ್ಳವರಿಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿಯೂ ಕಂಪನಿಗಳಲ್ಲಿಯೂ ಸ್ಥಾನ ಸಿಗುತ್ತಿದ್ದ ಕಾಲವದು. ಭಗಿನಿಯವರು ಮರಳಿದ್ದು ಡುಬ್ಯೂಕ್‌ಗೆ, ತಮ್ಮ ಸಭೆಯ ಸಣ್ಣ ಮಹಿಳಾ ಕಾಲೇಜಿಗೆ. ಅದೇ ವರ್ಷ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವನ್ನು ಸ್ಥಾಪಿಸಿ, ಸುಮಾರು ಎರಡು ದಶಕ ಅದನ್ನು ನಡೆಸಿದರು. ವಿಭಾಗಕ್ಕೆ ಬೇಕಾದ ಉಪಕರಣಗಳಿಗಾಗಿ ನ್ಯಾಷನಲ್ ಸೈನ್ಸ್ ಫೌಂಡೇಶನ್ ಎರಡು ವರ್ಷಗಳ ಅವಧಿಗೆ 25,000 ಡಾಲರ್ ಅನುದಾನ ನೀಡಿತು.

ಕಂಪ್ಯೂಟರ್ ಗಣಿತಜ್ಞರ ಸ್ವತ್ತಾಗಿ ಉಳಿಯಬಾರದು, ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ಅದು ನೆರವಾಗಬೇಕು ಎಂಬುದು ಅವರ ನಿಲುವು. ಮುಂದಿನ ದಿನಗಳಲ್ಲಿ ಮಾಹಿತಿ ಪ್ರವಾಹದಂತೆ ಹೆಚ್ಚಲಿದೆ, ಅದನ್ನು ಹುಡುಕಿ ಬಳಸಲು ಯಂತ್ರದ ಸಹಾಯ ಬೇಕಾಗುತ್ತದೆ ಎಂದು ಅವರು ಆಗಲೇ ಮನಗಂಡಿದ್ದರು. ವಯಸ್ಕರು ಮತ್ತೆ ಓದಲು ಬರುವ ಕಾಲ ಬರಲಿದೆ ಎಂಬುದನ್ನೂ ಊಹಿಸಿದ್ದರು.

ಅದಕ್ಕಾಗಿ ಕೇವಲ ಊಹಿಸಿ ಕೂರಲಿಲ್ಲ. ಉದ್ಯೋಗದಲ್ಲಿದ್ದ ಮಹಿಳೆಯರನ್ನೂ ತಾಯಂದಿರನ್ನೂ ತರಗತಿಗೆ ಕರೆತಂದರು. ಮಗುವನ್ನು ಬಿಟ್ಟು ಬರಲಾಗದ ತಾಯಿ ಮಗುವನ್ನು ಎತ್ತಿಕೊಂಡೇ ಬರಲಿ ಎಂದು ಪ್ರೋತ್ಸಾಹಿಸಿದರು. ಇದನ್ನು ಸಣ್ಣ ವಿಷಯವೆಂದು ನಾವು ತಿಳಿಯಬಾರದು. ಪ್ರವೇಶ ಎಲ್ಲರಿಗೂ ಉಂಟು ಎಂದು ಫಲಕ ಹಾಕುವುದು ಸುಲಭ. ಆದರೆ ಬರಲಾಗದವರ ಕಷ್ಟ ಏನೆಂದು ಕೇಳಿ, ಅದಕ್ಕೆ ತಕ್ಕಂತೆ ತರಗತಿಯನ್ನೇ ಬದಲಿಸುವುದು ಕಷ್ಟ. ಪುರುಷರ ಕಾಲೇಜಿಗೆ ನಿಯಮ ಸಡಿಲಿಕೆಯಿಂದ ಪ್ರವೇಶ ಪಡೆದಿದ್ದ ಭಗಿನಿಯವರು, ತಮ್ಮ ಕೈಗೆ ಅಧಿಕಾರ ಬಂದಾಗ ಇತರರಿಗಾಗಿ ಬಾಗಿಲನ್ನು ಅಗಲವಾಗಿಯೇ ತೆರೆದಿಟ್ಟರು.

ದೊಡ್ಡ ವಿಶ್ವವಿದ್ಯಾಲಯಗಳಷ್ಟು ಹಣವಿಲ್ಲದ ಸಣ್ಣ ಕಾಲೇಜುಗಳೂ ಕಂಪ್ಯೂಟರ್ ಬಳಸುವಂತಾಗಬೇಕೆಂದು ಅವರು ಶ್ರಮಿಸಿದರು. ಶಿಕ್ಷಣದಲ್ಲಿ ಸಣ್ಣ ಕಂಪ್ಯೂಟರ್ ಬಳಸುವವರ ಸಂಘದ ಸ್ಥಾಪನೆಯಲ್ಲಿ ನೆರವಾದರು. ಇದೇ ಕ್ಷೇತ್ರದಲ್ಲಿ ನಾಲ್ಕು ಪುಸ್ತಕಗಳನ್ನೂ ಬರೆದರು.

ಕೊನೆಯ ದಿನಗಳು

1984ರ ಮೇ 17ರಂದು ಕ್ಲಾರ್ಕ್ ಕಾಲೇಜಿನಲ್ಲಿ ಭಾರೀ ಬೆಂಕಿ ಅನಾಹುತ ಸಂಭವಿಸಿ ನಾಲ್ಕು ಕಟ್ಟಡಗಳು ನಾಶವಾದವು. ಆದರೂ ಕಾಲೇಜು ಮುಚ್ಚಲಿಲ್ಲ, ಮತ್ತೆ ಕಟ್ಟಿಕೊಂಡಿತು. ಮುಂದಿನ ವರ್ಷ, 1985ರ ಜನವರಿ 10ರಂದು, ಭಗಿನಿ ಮೇರಿ ಕೆನೆತ್ 71ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಹೆಸರಿನಲ್ಲಿ ಕ್ಲಾರ್ಕ್‌ನಲ್ಲಿ ಕಂಪ್ಯೂಟರ್ ಕೇಂದ್ರವೂ ವಿದ್ಯಾರ್ಥಿವೇತನವೂ ಸ್ಥಾಪನೆಯಾದವು. 1979ರಲ್ಲಿ ಗಂಡುಮಕ್ಕಳಿಗೂ ಪ್ರವೇಶ ನೀಡಿದ್ದ ಆ ಕಾಲೇಜು 2010ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯವಾಯಿತು.

ನಮಗೆ ಪಾಠ

ಈ ಜೀವನದಿಂದ ನಾವು ಕಲಿಯಬೇಕಾದುದು ಹಲವು. ಕಲಿಕೆಗೆ ವಯಸ್ಸಿನ ಮಿತಿಯಿಲ್ಲ ಎಂಬುದು ಮೊದಲನೆಯದು. ಎರಡನೆಯದು ಸಂಸ್ಥೆಗಳಿಗೆ ಸಂಬಂಧಿಸಿದ್ದು. ಭಗಿನಿಯವರ ಪ್ರತಿಭೆ ಎಷ್ಟೇ ದೊಡ್ಡದಿರಲಿ, ಅವರನ್ನು ವರ್ಷಗಟ್ಟಲೆ ಓದಲು ಬಿಟ್ಟ ಸಭೆಯೊಂದು ಹಿಂದೆ ಇರದಿದ್ದರೆ ಅದು ಬೆಳಕು ಕಾಣುತ್ತಿರಲಿಲ್ಲ. ಕೆಲಸಕ್ಕೆ ಜನ ಸಾಲದು ಎಂಬ ಕಾರಣಕ್ಕೆ ಒಬ್ಬರ ಓದನ್ನು ಮುಂದೂಡುವ ಮೊದಲು ನಮ್ಮ ಸಂಸ್ಥೆಗಳ ಹೊಣೆ ಹೊತ್ತವರು ಇದನ್ನು ಯೋಚಿಸುವುದು ಒಳ್ಳೆಯದು.

ಮೂರನೆಯದು ಧರ್ಮಕೇಂದ್ರಗಳಲ್ಲಿ ದುಡಿಯುವ ನಮಗೆಲ್ಲರಿಗೂ ಅನ್ವಯಿಸುತ್ತದೆ. ಕಂಪ್ಯೂಟರ್ ತರಬೇತಿಯಾಗಲಿ, ಯಾವುದೇ ಶಿಬಿರವಾಗಲಿ, ಏರ್ಪಡಿಸಿದಾಗ ಬಂದವರ ಸಂಖ್ಯೆಯನ್ನು ನಾವು ಎಣಿಸುತ್ತೇವೆ. ಬರಲಾಗದೆ ಉಳಿದವರು ಯಾರು, ಏಕೆ ಉಳಿದರು ಎಂದೂ ಕೇಳಬೇಕು. ಮಡಿಲಲ್ಲಿ ಮಗುವಿರುವ ತಾಯಿಗೂ ಅಲ್ಲಿ ಒಂದು ಕುರ್ಚಿ ಇರಲಿ.