ಐದು ಭಾಷೆಗಳ ನಟಿ, ನಮ್ಮ ಮುಳಬಾಗಿಲಿನ ಸೌಂದರ್ಯ



‘ಆಪ್ತಮಿತ್ರ’ ಚಿತ್ರದ ನಾಗವಲ್ಲಿಯನ್ನು ನೋಡಿ ಹೆದರಿ ಅಮ್ಮನ ಸೆರಗು ಹಿಡಿದವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಆ ಪಾತ್ರ ಮಾಡಿದ ಸೌಂದರ್ಯ ಕೋಲಾರ ಜಿಲ್ಲೆಯವರು. ಮುಳಬಾಗಿಲು ತಾಲ್ಲೂಕಿನ ಗಂಗಿಕುಂಟೆ ಅವರ ಊರು. ಮನೆಯವರು ಇಟ್ಟ ಹೆಸರು ಸೌಮ್ಯ.

ಕೋಲಾರ ಗಡಿ ಜಿಲ್ಲೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದುಂಟು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಆದರೆ ಅವರು ಕನ್ನಡದ ದೊಡ್ಡ ಕಥೆಗಾರ. ಹೀಗೆ ಭಾಷೆಗಳು ಕೂಡಿ ಬಾಳುವ ಸೀಮೆಯಿಂದ ಬಂದವರು ಸೌಂದರ್ಯ.

ಅವರ ತಂದೆ ಸತ್ಯನಾರಾಯಣ ಚಿತ್ರರಂಗದಲ್ಲಿದ್ದವರು. ಮಗಳು ಡಾಕ್ಟರಾಗಲೆಂದು ವೈದ್ಯಕೀಯ ಕಾಲೇಜು ಸೇರಿದ್ದಳು. ಅವಕಾಶಗಳು ಬಂದವು, ಓದು ಅರ್ಧಕ್ಕೆ ನಿಂತಿತು. 1992ರಲ್ಲಿ ಕನ್ನಡದ ‘ಗಂಧರ್ವ’ ತೆರೆಕಂಡಿತು. 1995ರ ‘ಅಮ್ಮೋರು’ ಅವರನ್ನು ತೆಲುಗರ ಮನೆಮಗಳಾಗಿಸಿತು. 1999ರಲ್ಲಿ ತಮಿಳಿನ ‘ಪಡೆಯಪ್ಪ’ದಲ್ಲಿ ರಜನೀಕಾಂತ್ ಜೊತೆ, ಹಿಂದಿಯ ‘ಸೂರ್ಯವಂಶಂ’ನಲ್ಲಿ ಅಮಿತಾಭ್ ಬಚ್ಚನ್ ಜೊತೆ ನಟಿಸಿದರು. ಮುಂದೆ ಮಲಯಾಳದಲ್ಲೂ ಅಭಿನಯಿಸಿದರು.

ಇಷ್ಟು ಹೆಸರು ಮಾಡಿದ ಮೇಲೆ ಅವರು ಸ್ವಂತ ಹಣ ಹಾಕಿ ತೆಗೆದದ್ದು ಕನ್ನಡದ ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿ ಅವರ ನಿರ್ದೇಶನ. ಅಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗುತ್ತದೆ, ಜನ ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಗುಡ್ಡದ ಮೇಲಿನ ಒಂದು ಸಂಸಾರ ಮಾತ್ರ ಅಲ್ಲೇ ಉಳಿಯುತ್ತದೆ. ಆ ಮನೆಯ ಸೊಸೆ ನಾಗಿಯೇ ಸೌಂದರ್ಯ. ಒಡವೆಯಿಲ್ಲ, ಬಣ್ಣದ ಸೀರೆಯಿಲ್ಲ. ಸುರಿಯುವ ಮಳೆಯಲ್ಲಿ ಎದೆಗುಂದದೆ ಮನೆ ಕಾಯುತ್ತಾಳೆ. ಕೊನೆಗೆ ಗಂಡ ಎಲ್ಲ ದೇವರ ದಯೆ ಎಂದಾಗ ಅವಳ ಮುಖ ನೋಡಿ: ಒಂದೂ ಮಾತಿಲ್ಲದೆ ನೋವು ತಿಳಿಯುತ್ತದೆ. ಈ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು, ಸೌಂದರ್ಯ ಮತ್ತು ಅವರ ಅಣ್ಣ ಅಮರನಾಥ್ ತೀರಿಕೊಂಡರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಅದೇ ವರ್ಷ, ಅವರು ಹೋದ ಮೇಲೆ. ಆ ಕನ್ನಡ ಚಿತ್ರದಲ್ಲಿ ನಾಗವಲ್ಲಿ ತೆಲುಗು ಮಾತಾಡುತ್ತಾಳೆ. ಗಡಿನಾಡಿನ ನಟಿಗೆ ಎರಡೂ ಸಲೀಸು.

ಮಕ್ಕಳೇ, ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂದು ನೀವು ಸಂಕೋಚಪಡಬೇಕಿಲ್ಲ. ಎಷ್ಟು ಭಾಷೆ ಬೇಕಾದರೂ ಕಲಿಯಿರಿ, ಕನ್ನಡವನ್ನು ಬಿಡಬೇಡಿ. ಈ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ‘ದ್ವೀಪ’ ನೋಡಿ. ಅರ್ಥವಾಗದ ಮಾತು ಬಂದರೆ ಚಿತ್ರ ನಿಲ್ಲಿಸಿ ಕೇಳಿ.