ಮುಗಿಲ ಮೇಲಿಂದ ಹೊಲ ಕಂಡ ವಿಕ್ರಮ ಸಾರಾಭಾಯಿ

ಮಾಘ ಮಾಸದಲ್ಲಿ ಬ್ಯಾಡಗಿಯ ದಾರಿ ಹಿಡಿದವರಿಗೆ ಊರು ಕಾಣುವ ಮುನ್ನವೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ. ಕಣದಲ್ಲಿ ಹರಡಿದ ಕೆಂಪು ರಾಶಿ ಒಣಗುವ ಆ ದಿನಗಳಲ್ಲಿ ಅಕಾಲದ ಒಂದು ಮಳೆ ಸುರಿದರೂ ಬಣ್ಣ ಕೆಡುತ್ತದೆ, ಬೆಲೆ ಕುಸಿಯುತ್ತದೆ. ರಾಣೆಬೆನ್ನೂರಿನ ಹತ್ತಿ, ಹಾವೇರಿಯ ಗೋವಿನಜೋಳ ಬೆಳೆಯುವವರದೂ ಮುಗಿಲು ನೋಡುವ ಬದುಕೇ. ಆ ಮುಗಿಲನ್ನು ಮೇಲಿನಿಂದ ನೋಡಬೇಕು, ಕಂಡದ್ದನ್ನು ರೈತನ ಮನೆಗೆ ಮುಟ್ಟಿಸಬೇಕು ಎಂದು, ದೇಶದಲ್ಲಿ ಸ್ವಂತ ರಾಕೆಟ್ಟೊಂದೂ ಇಲ್ಲದ ಕಾಲದಲ್ಲಿ ಹಟ ಹಿಡಿದವರು ವಿಕ್ರಮ ಅಂಬಾಲಾಲ್ ಸಾರಾಭಾಯಿ.

1919ರ ಆಗಸ್ಟ್ 12ರಂದು ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆಯಲ್ಲಿ ಅವರು ಜನಿಸಿದರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದವರನ್ನು ಎರಡನೆಯ ಮಹಾಯುದ್ಧ ಭಾರತಕ್ಕೆ ಮರಳಿಸಿತು. ಹೀಗೆ ನಮ್ಮ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಬಂದ ತರುಣ ಆರಿಸಿಕೊಂಡ ವಿಷಯ ವಿಶ್ವಕಿರಣ. ನಕ್ಷತ್ರಲೋಕದ ಆಳದಿಂದ ಹೊರಟ ಕಣಗಳು ವಾಯುಮಂಡಲಕ್ಕೆ ಅಪ್ಪಳಿಸಿ ಹೊಸ ಕಣಗಳ ಮಳೆಯನ್ನೇ ಸುರಿಸುತ್ತವೆ. ಅವು ನಮ್ಮ ದೇಹವನ್ನು ಹಾದುಹೋದರೂ ನಮಗೆ ಅರಿವಾಗದು. ಈ ಕಾಣದ ಮಳೆಯ ಏರಿಳಿತವನ್ನು ಅಳೆಯುತ್ತಲೇ ಸಾರಾಭಾಯಿಯವರ ದೃಷ್ಟಿ ಭೂಮಿಯ ಆಚೆಗೆ ಹೊರಳಿತು. ನೃತ್ಯಗಾರ್ತಿ ಮೃಣಾಲಿನಿ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲಿಯೇ, 1942ರಲ್ಲಿ ವಿವಾಹ.

1947ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು ಮರಳಿದ ಅವರು ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಅಲ್ಲಿ ಅವರ ಮಾರ್ಗದರ್ಶನದಲ್ಲಿ ಪಳಗಿದವರಲ್ಲಿ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಒಬ್ಬರು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ರಾಕೆಟ್ ಹಾರಿಸಲು ಸಾರಾಭಾಯಿ ಆರಿಸಿದ್ದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿ. ಭೂಮಿಯ ಕಾಂತೀಯ ಸಮಭಾಜಕ ವೃತ್ತ ಅದರ ಸಮೀಪ ಹಾದುಹೋಗುತ್ತದೆ. ಆ ವೃತ್ತದ ಮೇಲೆ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಹಗಲಿನಲ್ಲಿ ವಿದ್ಯುತ್ತಿನ ಹೊಳೆಯೊಂದು ಹರಿಯುತ್ತದೆ. ಬಲೂನು ಅಷ್ಟು ಎತ್ತರಕ್ಕೆ ಏರದು, ಉಪಗ್ರಹ ಅಷ್ಟು ಕೆಳಗೆ ಬಹುಕಾಲ ಸುತ್ತಲಾರದು. ಆ ಹೊಳೆಗೆ ಇಳಿಯಲು ರಾಕೆಟ್ಟೇ ದೋಣಿ. ಊರಿನ ಕ್ರೈಸ್ತ ಸಮುದಾಯ ತನ್ನ ಇಗರ್ಜಿಯನ್ನೇ ವಿಜ್ಞಾನಕ್ಕೆ ಬಿಟ್ಟುಕೊಟ್ಟಿತು. ದೇಗುಲ ಕಚೇರಿಯಾಯಿತು, ಬಿಷಪ್ಪರ ಮನೆ ಕಾರ್ಯಾಗಾರವಾಯಿತು.

1963ರ ನವೆಂಬರ್ 21ರ ಸಂಜೆ ಮೊದಲ ಉಡಾವಣೆ. ರಾಕೆಟ್ ಅಮೆರಿಕದ್ದು, ಅದು ಹೊತ್ತ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ನಮ್ಮದಾಗಿದ್ದುದು ನೆಲ ಮತ್ತು ಧೈರ್ಯ. ರಾಕೆಟ್ಟನ್ನು ಎತ್ತುವ ಯಂತ್ರದಲ್ಲಿ ಎಣ್ಣೆ ಸೋರಿ ಅದು ಕೈಕೊಟ್ಟಿತು. ಇಂಧನ ತುಂಬಿದ ಆ ಕೊಳವೆಯನ್ನು ಕೊನೆಗೆ ತೋಳ್ಬಲದಿಂದಲೇ ಪೀಠದಲ್ಲಿ ಹೊಂದಿಸಬೇಕಾಯಿತು. ಒಂದು ಕಿಡಿ ಸಾಕಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸೂರ್ಯ ಮುಳುಗಿದ ಬಾನಿನಲ್ಲಿ ಕಿತ್ತಳೆ ಬಣ್ಣದ ಮೋಡವೊಂದು ಅರಳಿತು.

ಮುಂದಿನ ವರ್ಷಗಳು ಬರಗಾಲದವು. ಅಮೆರಿಕದ ಗೋಧಿಗೆ ಕೈಯೊಡ್ಡಿದ ದೇಶಕ್ಕೆ ರಾಕೆಟ್ ಏಕೆಂಬ ಪ್ರಶ್ನೆ ಎದ್ದಿತು. ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಸಾರಾಭಾಯಿ ಅದನ್ನು ತಳ್ಳಿಹಾಕಲೂ ಇಲ್ಲ. ಚಂದ್ರನ ಓಟದಲ್ಲಿ ಸಿರಿವಂತ ರಾಷ್ಟ್ರಗಳೊಡನೆ ಪೈಪೋಟಿ ತಮ್ಮ ಉದ್ದೇಶವಲ್ಲವೆಂದೂ, ಹವಾಮಾನ, ಸಂಪರ್ಕ, ಶಿಕ್ಷಣಗಳಲ್ಲಿ ಬಡ ದೇಶಕ್ಕೇ ಉಪಗ್ರಹದ ಅಗತ್ಯ ಹೆಚ್ಚೆಂದೂ ಅವರು ವಾದಿಸಿದರು. 1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ದುರಂತದಲ್ಲಿ ಮಡಿದ ಬಳಿಕ ಅಣುಶಕ್ತಿ ಆಯೋಗದ ಹೊಣೆಯೂ ಅವರ ಹೆಗಲೇರಿತು. 1969ರ ಆಗಸ್ಟ್ 15ರಂದು ಇಸ್ರೊ ಉದಯಿಸಿತು. ಅದೇ ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸಲು ನಾಸಾದೊಡನೆ ಒಪ್ಪಂದವಾಯಿತು.

1971ರ ಡಿಸೆಂಬರ್ 30ರಂದು, ತುಂಬಾಕ್ಕೆ ಹೆಚ್ಚು ದೂರವಿಲ್ಲದ ಕೋವಳಂನಲ್ಲಿ, ಸಾರಾಭಾಯಿ ಮಲಗಿದಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು 52. ಭಾರತದ ಒಂದು ಉಪಗ್ರಹವನ್ನೂ ಅವರು ಕಾಣಲಿಲ್ಲ.

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ನೇತೃತ್ವದ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಕೆಲವೇ ದಿನಗಳಲ್ಲಿ ಅದರ ವೈಜ್ಞಾನಿಕ ಉಪಕರಣಗಳಿಗೆ ವಿದ್ಯುತ್ ಕಡಿದುಹೋಯಿತು. ಆದರೂ ಉಪಗ್ರಹ ಕಟ್ಟಬಲ್ಲೆವೆಂಬುದು ಖಚಿತವಾಯಿತು. ಅದೇ ಆಗಸ್ಟಿನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಅಮೆರಿಕದ ಉಪಗ್ರಹದ ಮೂಲಕ ದೂರದರ್ಶನ ಮೂಡಿತು. ಕನ್ನಡದ ಕಾರ್ಯಕ್ರಮಗಳನ್ನು ಕಂಡವರು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ನೆರೆಯ ಜಿಲ್ಲೆಗಳಿಗೆ ಒಲಿದ ಭಾಗ್ಯ ಇಲ್ಲಿಗೆ ಬರಲಿಲ್ಲ. 1982ರ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು; 1983ರ ಇನ್ಸಾಟ್-1ಬಿ ಕೆಲಸ ಮಾಡಿತು. ಆ ಬಳಿಕ ಬ್ಯಾಡಗಿಯ ಕಣದ ಮೇಲಿನ ಮೋಡವೂ ದೇಶದ ಉಪಗ್ರಹದ ಚಿತ್ರದೊಳಗೆ ಬಂದಿತು.

ಸಾರಾಭಾಯಿ ಪೈಪೋಟಿ ಬೇಡವೆಂದಿದ್ದ ಚಂದ್ರನ ಮೇಲೆ 1973ರಿಂದ ಒಂದು ಕುಳಿಗೆ ಅವರದೇ ಹೆಸರಿದೆ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಹೆಸರಿನ ನೌಕೆ ಚಂದ್ರನೆಲಕ್ಕೆ ಅಪ್ಪಳಿಸಿ ನಾಶವಾಯಿತು. 2023ರ ಆಗಸ್ಟ್ 23ರ ಸಂಜೆ ಅದೇ ಹೆಸರಿನ ಇನ್ನೊಂದು ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಮೆಲ್ಲನೆ ಇಳಿಯಿತು. ಅದರ ಮೇಲೆ ಕಣ್ಣಿಟ್ಟಿದ್ದ ನಿಯಂತ್ರಣ ಕೊಠಡಿ ಇರುವುದು ಪೀಣ್ಯದಲ್ಲಿ.