ಕಾವಿ ಬಿಚ್ಚಿಟ್ಟು ನಮ್ಮ ಕಡೆಗೆ ಬಂದ ರಾಮಾನುಜರು

ಸಿಂಧಘಟ್ಟ: ವೈರಮುಡಿ ಬಂತೆಂದರೆ ನಮ್ಮ ಕೆ.ಆರ್.ಪೇಟೆ ಕಡೆ ಜನ ಮೇಲುಕೋಟೆಗೆ ಹೊರಡೋದು ವಾಡಿಕೆ. ಅಂಗಡಿಯವರೂ ಬೇಗ ಬಾಗಿಲು ಹಾಕ್ತಾರೆ. ಆದರೆ ಆ ಬೆಟ್ಟಕ್ಕೆ ಹೆಸರು ತಂದ ರಾಮಾನುಜಾಚಾರ್ಯರು ಇತ್ತ ಬಂದಿದ್ದು ಜೀವ ಉಳಿಸಿಕೊಳ್ಳೋಕೆ ಅನ್ನೋದನ್ನ ಎಷ್ಟೋ ಜನ ಮರೆತಿದ್ದಾರೆ.

ಸಂಪ್ರದಾಯದ ಲೆಕ್ಕದಲ್ಲಿ ಅವರು ಹುಟ್ಟಿದ್ದು 1017ರಲ್ಲಿ, ತಮಿಳುನಾಡಿನ ಶ್ರೀಪೆರಂಬೂದೂರಿನಲ್ಲಿ. ಪಾಠ ಹೇಳಿಕೊಟ್ಟ ಯಾದವಪ್ರಕಾಶರೇ ಹೊಟ್ಟೆಕಿಚ್ಚಿಗೆ ಕಾಶಿಯಾತ್ರೆ ದಾರಿಯಲ್ಲಿ ಅವರನ್ನು ಮುಗಿಸೋ ಸಂಚು ಮಾಡಿದ್ದರಂತೆ. ಸಂಸಾರ ಹೊಂದಲಿಲ್ಲ, ಸನ್ಯಾಸ ತಗೊಂಡರು. ಮಂತ್ರೋಪದೇಶಕ್ಕೆ ತಿರುಕ್ಕೋಷ್ಟಿಯೂರಿನ ಗೋಷ್ಠೀಪೂರ್ಣರ ಹತ್ರ ಶ್ರೀರಂಗದಿಂದ 18 ಸಲ ಅಲೆದರು. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿ ಕೊಟ್ಟ ಮಂತ್ರವನ್ನ, ತನಗೆ ನರಕ ಬಂದರೂ ಬರಲಿ ಅಂತ ಗೋಪುರ ಹತ್ತಿ ಎಲ್ಲರಿಗೂ ಸಾರಿಬಿಟ್ಟರು. ಈ ಕಥೆ ಎಲ್ಲರಿಗೂ ಗೊತ್ತು. ಇಂಥ ಪರೀಕ್ಷೆ ಗೆದ್ದವರಿಗೆ ಹೊಗಳಿಕೆನೂ ಸಿಗ್ತದೆ. ಮುಂದೆ ಬಂದ ಪರೀಕ್ಷೆ ಬೇರೆ ಥರದ್ದು.

ಚೋಳ ಅರಸನೊಬ್ಬ, ಕಥೆಗಳು ಕ್ರಿಮಿಕಂಠ ಅಂತ ಕರೀತವೆ, ಶಿವನಿಗಿಂತ ದೊಡ್ಡವರಿಲ್ಲ ಅಂತ ವಿದ್ವಾಂಸರಿಂದ ಬರೆಸಿ ರುಜು ಹಾಕಿಸ್ತಿದ್ದ. ಯಾವ ಚೋಳ ಅನ್ನೋದರಲ್ಲಿ ಚರಿತ್ರೆಕಾರರಿಗೆ ಒಮ್ಮತ ಇಲ್ಲ. ರಾಮಾನುಜರಿಗೂ ಕರೆ ಬಂತು. ರುಜು ಹಾಕಿದರೆ ತಲೆ ಉಳೀತದೆ. ಹಾಕದೆ ಸತ್ತರೆ ಹುತಾತ್ಮನ ಹೆಸರು ಬರ್ತದೆ. ನನ್ನ ಕೇಳಿದರೆ ಅದೂ ಒಂದು ಆಸೆನೇ. ಎರಡೂ ಆಗಲಿಲ್ಲ. ಶಿಷ್ಯ ಕೂರೇಶ ಗುರುವಿನ ಕಾವಿ ತಾನುಟ್ಟು, ತನ್ನ ಬಿಳಿ ಬಟ್ಟೆ ಗುರುವಿಗೆ ಕೊಟ್ಟು ಆಸ್ಥಾನಕ್ಕೆ ಹೋದ. ಜೊತೆಗೆ ರಾಮಾನುಜರ ಗುರು, ಮುಪ್ಪಾದ ಮಹಾಪೂರ್ಣರು. ಕೂರೇಶನ ಕಣ್ಣು ಹೋಯ್ತು. ಮಹಾಪೂರ್ಣರ ಪ್ರಾಣವೇ ಹೋಯ್ತು.

ಸನ್ಯಾಸಿ ಕಾವಿ ಬಿಚ್ಚೋದು ಸಣ್ಣ ಮಾತಲ್ಲ. ತನ್ನ ಬದಲು ಬೇರೆಯವರು ನೋವು ತಿಂದರು ಅಂತ ತಿಳಿದುಕೊಂಡು ಬದುಕೋದು ಇನ್ನೂ ಕಷ್ಟ. ಆ ಸುದ್ದಿ ಅವರಿಗೆ ಮುಟ್ಟಿದ್ದು ನಮ್ಮ ಕಡೆ ಬಂದ ಮೇಲೆ ಅಂತಾರೆ. ಅಷ್ಟು ಹೊತ್ತಿಗೆ ಮಾಡೋಕೆ ಏನೂ ಉಳಿದಿರಲಿಲ್ಲ.

ಕಾಡು ದಾಟಿ ಬಂದು ಮುಟ್ಟಿದ್ದು ಪಾಂಡವಪುರ ಹತ್ತಿರದ ತೊಣ್ಣೂರು. ಅಲ್ಲಿ ಪರೀಕ್ಷೆ ಉಲ್ಟಾ ಆಯ್ತು. ಹೊಯ್ಸಳ ದೊರೆ ಬಿಟ್ಟಿದೇವ ಶಿಷ್ಯನಾಗಿ ವಿಷ್ಣುವರ್ಧನ ಆದ ಅಂತ ಪ್ರತೀತಿ. (ರಾಣಿ ಶಾಂತಲೆ ಮಾತ್ರ ಜೈನಳಾಗೇ ಉಳಿದಳು.) ತಲೆಮರೆಸಿಕೊಂಡು ಬಂದವರಿಗೆ ಅರಮನೆ ಬಾಗಿಲೇ ತೆರೆದಿತ್ತು. ಅವರು ಮೇಲುಕೋಟೆ ಬೆಟ್ಟಕ್ಕೆ ಹೋದರು. ಹುತ್ತದಲ್ಲಿದ್ದ ಚೆಲುವನಾರಾಯಣನನ್ನು ಹೊರತೆಗೆದರು, ನಾಮದ ಬಿಳಿ ಮಣ್ಣೂ ಅಲ್ಲೇ ಸಿಕ್ತು. ಉತ್ಸವಮೂರ್ತಿ ತರೋಕೆ ನೆರವಾದ ಅಸ್ಪೃಶ್ಯ ಜನರನ್ನ ತಿರುಕುಲದವರು ಅಂತ ಕರೆದು ಜಾತ್ರೆ ದಿನಗಳಲ್ಲಿ ಗುಡಿಯೊಳಕ್ಕೆ ಬಿಡಿಸಿದರು. ವರ್ಷಕ್ಕೆ ಕೆಲವೇ ದಿನ, ನಿಜ. ಉಳಿದ ದಿನಗಳ ಮಾತನ್ನ ಊರು ಎಷ್ಟೋ ನೂರು ವರ್ಷ ಎತ್ತಲೇ ಇಲ್ಲ. ನಮ್ಮ ಸಿಂಧಘಟ್ಟದ ಲಕ್ಷ್ಮೀನಾರಾಯಣ ಗುಡಿಯೂ ಹೊಯ್ಸಳರ ಕಾಲದ್ದೇ.

ಹೀಗೆ 12 ವರ್ಷ ಕಳೀತು ಅಂತ ಲೆಕ್ಕ. ಚೋಳ ಅರಸ ಸತ್ತ ಸುದ್ದಿ ಬಂತು. ಇಲ್ಲಿ ಮರ್ಯಾದೆ ಇತ್ತು, ಜನ ಬಿಡಲೊಲ್ಲರು. ಕೈ ಮುಗಿದ ತಮ್ಮ ವಿಗ್ರಹ ಇಟ್ಟು ಹೊರಟೇಬಿಟ್ಟರು. ಆ ವಿಗ್ರಹ ಮೇಲುಕೋಟೆ ಗುಡಿಯಲ್ಲಿ ಈಗಲೂ ಇದೆ, ಮುಂದಿನ ಸಲ ಹೋದಾಗ ನೋಡಿ.

ಅತ್ತ ಕಣ್ಣಿಲ್ಲದ ಕೂರೇಶ ಸಿಕ್ಕಿದ. ಕಂಚಿ ವರದರಾಜನ ಹತ್ರ ಕಣ್ಣು ಕೇಳು ಅಂತ ಗುರು ಹೇಳಿದರೆ, ಅವನು ಕೇಳಿದ್ದು ನಾಲೂರಾನನಿಗೂ ಮೋಕ್ಷ ಸಿಗಲಿ ಅಂತ. ರಾಮಾನುಜರ ರುಜು ಹಾಕಿಸು ಅಂತ ರಾಜನ ಕಿವಿಯೂದಿದ್ದವನೇ ಈ ನಾಲೂರಾನ.

ರಾಮಾನುಜರು 1137ರಲ್ಲಿ ಶ್ರೀರಂಗದಲ್ಲಿ ಕಾಲವಾದರು. ಶ್ರೀಪೆರಂಬೂದೂರಿನ ಉತ್ಸವದಲ್ಲಿ ಒಂದು ದಿನ ಅವರ ಮೂರ್ತಿಗೆ ಬಿಳಿ ಬಟ್ಟೆ ಉಡಿಸ್ತಾರೆ.